ಮನೆಯಲ್ಲಿ ಮಾಡಿದ ಬಿಯರಿಗೆ ಇನ್ನೊಬ್ಬರ ಮೂಗು ಯಾಕೆ ಬೇಕು

ಮನೆಯಲ್ಲಿ ಬಿಯರ್ ಮಾಡುವವರು ಎಲ್ಲೇ ಸೇರಲಿ, ಒಂದೆರಡು ಬಾಟಲಿ ಜೊತೆಗೆ ಬಂದೇ ಬರುತ್ತವೆ. ತಾನು ಮಾಡಿದ್ದನ್ನು ಇನ್ನೊಬ್ಬರಿಗೆ ಕೊಡುವುದು, ಅವರು ಮಾಡಿದ್ದನ್ನು ತಾನು ಕುಡಿದು ನೋಡುವುದು ಈ ಹವ್ಯಾಸದ ದೊಡ್ಡ ಖುಷಿ. ಹೊರಗಿನವರ ಕಣ್ಣಿಗೆ ಇದು ಗೆಳೆಯರ ಕೂಟ. ಕೂಟವೂ ಹೌದು. ಆದರೆ ಸ್ವಲ್ಪ ಕ್ರಮವಾಗಿ ಮಾಡಿದರೆ ಬಿಯರ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ. ಹೊಸ ಪಾತ್ರೆ, ದುಬಾರಿ ಥರ್ಮಾಮೀಟರ್, ಹೊಸ ತಳಿಯ ಹಾಪ್ಸ್ ಎಲ್ಲಕ್ಕಿಂತ ಬೇಗ ಬಿಯರನ್ನು ಸುಧಾರಿಸುವುದು ಇನ್ನೊಬ್ಬರ ಮೂಗು.

ಬಿಯರ್ ಮಾಡುವ ಕೆಲಸ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಅದನ್ನು ಪುಡಿ ಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ನೀರಿಗೆ ವರ್ಟ್ ಎನ್ನುತ್ತಾರೆ. ವರ್ಟನ್ನು ಕಹಿ ಮತ್ತು ವಾಸನೆ ಕೊಡುವ ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಬೇಕು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಜೊತೆಗೆ ಬೇರೆ ನೂರಾರು ಪದಾರ್ಥಗಳನ್ನೂ ಚೂರು ಚೂರು ಬಿಡುತ್ತದೆ. ಬಿಯರಿನ ಒಳ್ಳೆಯ ವಾಸನೆ, ಕೆಟ್ಟ ವಾಸನೆ ಬಹಳಷ್ಟು ಬರುವುದು ಈ ಚೂರುಗಳಿಂದಲೇ.

ಈಗ ಮಾಡಿದವರ ಕಡೆ ನೋಡಿ. ಎರಡು ಮೂರು ವಾರ ಅವರು ಅದೇ ಫರ್ಮೆಂಟರ್, ಅಂದರೆ ಬಿಯರ್ ಹುದುಗುವ ಪಾತ್ರೆಯ ಪಕ್ಕ ಓಡಾಡಿದ್ದಾರೆ. ಆಗಾಗ ಮೂಸಿ ನೋಡಿದ್ದಾರೆ, ಚೂರು ತೆಗೆದು ರುಚಿ ನೋಡಿದ್ದಾರೆ. ಒಂದು ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಅದನ್ನು ಹೇಳುವುದನ್ನೇ ನಿಲ್ಲಿಸುತ್ತದೆ. ತಮ್ಮ ಬಿಯರಿನಲ್ಲಿ ಪ್ರತಿ ಸಲವೂ ಬರುವ ಒಂದು ದೋಷ ಇದ್ದರೆ ಅದು ಅವರಿಗೆ ದೋಷವಾಗಿ ಕಾಣುವುದೇ ಇಲ್ಲ. ಬಿಯರ್ ಅಂದರೆ ಹೀಗೇ ಇರುತ್ತದೆ ಅನ್ನಿಸಿಬಿಡುತ್ತದೆ. ಜೊತೆಗೆ ಏನೇನು ಹಾಕಿದ್ದೇವೆ ಎಂಬುದು ಅವರಿಗೆ ಗೊತ್ತು. ಕಿತ್ತಳೆ ಸಿಪ್ಪೆ ಹಾಕಿದವರಿಗೆ ಕಿತ್ತಳೆ ವಾಸನೆ ಬಂದೇ ಬರುತ್ತದೆ, ನಿಜಕ್ಕೂ ಇರಲಿ ಬಿಡಲಿ.

ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಎಲ್ಲರ ಮೂಗೂ ಒಂದೇ ಥರ ಇರುವುದಿಲ್ಲ. ಒಂದು ಪದಾರ್ಥ ಎಷ್ಟು ಇದ್ದರೆ ವಾಸನೆ ತಿಳಿಯುತ್ತದೆ ಎಂಬ ಮಿತಿ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಕೆಲವರಿಗೆ ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಸುಲಭಕ್ಕೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಲವಂಗದ ವಾಸನೆ ಕೊಡುವ ಫಿನಾಲ್‌ಗಳು ಮಸುಕು ಮಸುಕು. ಅಭ್ಯಾಸದಿಂದ ಸ್ವಲ್ಪ ಸರಿಹೋಗಬಹುದು, ಪೂರ್ತಿ ಅಲ್ಲ. ಅಂಥವರು ಎಷ್ಟೇ ಎಚ್ಚರದಿಂದ ಬಿಯರ್ ಮಾಡಿದರೂ ಆ ಒಂದು ದೋಷದ ಮಟ್ಟಿಗೆ ಇನ್ನೊಬ್ಬರನ್ನೇ ನಂಬಬೇಕು. ತನಗೆ ಯಾವುದು ತಿಳಿಯುವುದಿಲ್ಲ ಎಂದು ತಿಳಿದುಕೊಳ್ಳುವುದಕ್ಕೂ ನಾಲ್ಕು ಜನರ ಜೊತೆ ಕೂತು ಒಂದೇ ಬಾಟಲಿ ಕುಡಿಯಬೇಕು, ಅಲ್ವಾ? ಬೇರೆ ದಾರಿ ಇಲ್ಲ.

ಬೆಣ್ಣೆಯ ವಾಸನೆ: ಒಂದು ದೋಷ, ಮೂರು ಕಾರಣ

ಹಂಚಿಕೊಂಡು ಕುಡಿಯುವುದರಿಂದ ಏನು ಸಿಗುತ್ತದೆ ಎಂದು ತೋರಿಸಲು ಡೈಅಸಿಟೈಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಯೀಸ್ಟ್ ಬೆಳೆಯುವಾಗ ತನಗೆ ಬೇಕಾದ ವ್ಯಾಲೀನ್ ಎಂಬ ಅಮೈನೋ ಆಮ್ಲವನ್ನು ತಾನೇ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಆಲ್ಫಾ ಅಸಿಟೋಲ್ಯಾಕ್ಟೇಟ್ ಎಂಬ ಪದಾರ್ಥ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಜೀವಕೋಶದಿಂದ ಹೊರಗೆ ಸೋರುತ್ತದೆ. ಇದಕ್ಕೆ ವಾಸನೆ ಇಲ್ಲ. ಆದರೆ ಬಿಯರಿನಲ್ಲಿ ಇದ್ದು ಇದ್ದು ಅದು ತಾನಾಗಿ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಬಿಸಿ ಹೆಚ್ಚಿದ್ದರೆ, ಆಮ್ಲಜನಕ ಸೇರಿದ್ದರೆ ಇನ್ನೂ ಬೇಗ. ಯೀಸ್ಟ್ ಚುರುಕಾಗಿದ್ದರೆ ಆ ಡೈಅಸಿಟೈಲನ್ನು ಮತ್ತೆ ಒಳಗೆಳೆದುಕೊಂಡು, ಹೆಚ್ಚು ವಾಸನೆ ಇಲ್ಲದ ಬೇರೆ ಪದಾರ್ಥವಾಗಿ ಮಾಡಿಬಿಡುತ್ತದೆ. ಅಂದರೆ ಗಲೀಜು ಮಾಡುವುದೂ ಯೀಸ್ಟೇ, ಗುಡಿಸುವುದೂ ಯೀಸ್ಟೇ. ಗುಡಿಸಲು ಅದಕ್ಕೆ ಸಮಯ ಕೊಡಬೇಕು. ತಣ್ಣಗೆ ಹುದುಗಿಸುವ ಲಾಗರ್ ಎಂಬ ಬಗೆಯ ಬಿಯರ್ ಮಾಡುವವರು ಹುದುಗುವಿಕೆ ಮುಗಿಯುತ್ತಾ ಬಂದಾಗ ಉಷ್ಣತೆಯನ್ನು 16ರಿಂದ 18 ಡಿಗ್ರಿವರೆಗೆ ಏರಿಸಿ ಎರಡು ಮೂರು ದಿನ ಬಿಡುವುದು ಇದಕ್ಕಾಗಿಯೇ.

ಈ ಸಮಯ ಕೊಡದೆ ಬಿಯರನ್ನು ಬೇಗ ತಣ್ಣಗೆ ಮಾಡಿ, ಯೀಸ್ಟ್ ತೆಗೆದು, ಕೆಗ್ ಎಂಬ ಲೋಹದ ಪೀಪಾಯಿಗೆ ಅಥವಾ ಬಾಟಲಿಗೆ ತುಂಬಿದರು ಅಂತ ಇಟ್ಟುಕೊಳ್ಳಿ. ತುಂಬುವಾಗ ರುಚಿ ನೋಡಿದರೆ ಬಿಯರ್ ಶುದ್ಧವಾಗಿಯೇ ಇರುತ್ತದೆ. ಯಾಕೆಂದರೆ ಒಳಗಿರುವುದು ಇನ್ನೂ ವಾಸನೆ ಇಲ್ಲದ ಅಸಿಟೋಲ್ಯಾಕ್ಟೇಟ್. ಬಾಟಲಿ ಗೆಳೆಯರ ಮನೆಗೆ ಹೋಗುತ್ತದೆ, ಎರಡು ವಾರ ಹೊರಗೇ ಇರುತ್ತದೆ. ತೆಗೆದರೆ ಬೆಣ್ಣೆ, ಪಾಪ್‌ಕಾರ್ನ್ ವಾಸನೆ. ಒಂದು ಲೀಟರಿಗೆ 0.1 ಮಿಲಿಗ್ರಾಂ ಆಸುಪಾಸು ಇದ್ದರೂ ಬಹಳ ಜನರಿಗೆ ತಿಳಿಯುತ್ತದೆ. ಮಾಡಿದವರ ಕೆಗ್ ಫ್ರಿಜ್ಜಿನಲ್ಲೇ ಇದೆ, ಅಲ್ಲಿ ಬದಲಾವಣೆ ಬಹಳ ನಿಧಾನ. "ನನ್ನದರಲ್ಲಿ ಬೆಣ್ಣೆ ಗಿಣ್ಣೆ ಏನೂ ಇಲ್ಲವಲ್ಲ" ಎಂದು ಅವರು ಹೇಳುತ್ತಾರೆ. ಇಬ್ಬರು ಹೇಳುವುದೂ ನಿಜ. ಬಾಟಲಿ ಮನೆ ದಾಟಿ ಹೊರಗೆ ಹೋಗದಿದ್ದರೆ ಈ ತಪ್ಪು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹುದುಗುವಿಕೆ ಮುಗಿದ ಮೇಲೆ ವಾಸನೆಗಾಗಿ ಮತ್ತೆ ಹಾಪ್ಸ್ ಹಾಕುವುದುಂಟು. ಹಾಪ್ಸ್‌ನಲ್ಲೂ ಸ್ವಲ್ಪ ಕಿಣ್ವಗಳು ಇರುತ್ತವೆ. ಯೀಸ್ಟ್ ತಿನ್ನಲಾಗದೆ ಬಿಟ್ಟಿದ್ದ ದೊಡ್ಡ ಸಕ್ಕರೆಗಳನ್ನು ಅವು ಒಡೆದು ಚಿಕ್ಕದು ಮಾಡುತ್ತವೆ. ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ, ಮತ್ತೆ ಅಸಿಟೋಲ್ಯಾಕ್ಟೇಟ್ ಸೋರುತ್ತದೆ. ಆ ಹೊತ್ತಿಗೆ ಬಿಯರ್ ತಣ್ಣಗೆ ಮಾಡಿದರೆ ಮತ್ತೆ ಬೆಣ್ಣೆ. ಮೂರನೆಯ ಕಾರಣ ಸೋಂಕು. ಪೆಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾ ಡೈಅಸಿಟೈಲನ್ನೂ ಮಾಡುತ್ತದೆ, ಹುಳಿಯನ್ನೂ ಮಾಡುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಸಮಯ, ಎರಡನೆಯದಕ್ಕೆ ಹಾಪ್ಸ್ ಹಾಕಿದ ಮೇಲೆ ಇನ್ನಷ್ಟು ದಿನ ಕಾಯುವುದು, ಮೂರನೆಯದಕ್ಕೆ ಪಾತ್ರೆ ಪೈಪು ಎಲ್ಲ ಬಿಚ್ಚಿ ತೊಳೆಯುವುದು. "ಬೆಣ್ಣೆ ವಾಸನೆ ಬರುತ್ತಿದೆ" ಎಂಬ ಒಂದು ಮಾತಿನಿಂದ ಯಾವುದು ಎಂದು ಹೇಳಲಾಗದು. ಆದ್ದರಿಂದ ಮಾತು ಮುಂದುವರಿಯಬೇಕು. ಎಲ್ಲ ಬಾಟಲಿಯಲ್ಲೂ ಇದೆಯೇ, ಕೆಲವದರಲ್ಲಿ ಮಾತ್ರವೇ? ಹೋದ ತಿಂಗಳ ಬಾಟಲಿಗಿಂತ ಈಗ ಜಾಸ್ತಿಯೇ? ಜೊತೆಗೆ ಹುಳಿ ಇದೆಯೇ, ನೊರೆ ಉಕ್ಕುತ್ತದೆಯೇ? ಹಾಪ್ಸ್ ಯಾವಾಗ ಹಾಕಿದಿರಿ, ಆಮೇಲೆ ಎಷ್ಟು ದಿನ ಬಿಟ್ಟಿರಿ? ಒಂದೊಂದು ಬಾಟಲಿಯಲ್ಲಿ ಒಂದೊಂದು ಥರ ಇದ್ದು, ದಿನ ಕಳೆದಂತೆ ಹುಳಿಯೂ ಏರುತ್ತಿದ್ದರೆ ಸೋಂಕಿನ ಅನುಮಾನ. ಎಲ್ಲದರಲ್ಲೂ ಒಂದೇ ಸಮ ಇದ್ದು ಹುಳಿ ಇಲ್ಲದಿದ್ದರೆ ಅವಸರವೇ ಕಾರಣ.

ಕೊಡುವ ಮೊದಲೇ ತಿಳಿಯಲು ಒಂದು ಸುಲಭ ಪರೀಕ್ಷೆಯೂ ಇದೆ. ತುಂಬುವ ಮುಂಚೆ ಎರಡು ಗಾಜಿನ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ ಮುಚ್ಚಿ. ಒಂದನ್ನು 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ಎರಡನ್ನೂ ಒಂದೇ ಉಷ್ಣತೆಗೆ ತಂದು ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಯೀಸ್ಟಿಗೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ. ಡೈಅಸಿಟೈಲ್ ತಿಳಿಯದ ಮೂಗು ನಿಮ್ಮದಾದರೆ, ಮೂಸುವುದಕ್ಕೆ ಮನೆಯ ಇನ್ನೊಬ್ಬರನ್ನು ಕರೆಯಿರಿ.

ಬೇರೆ ಕೆಲವು ವಾಸನೆಗಳು

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಸಿರು ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದು. ಯೀಸ್ಟ್ ಆಲ್ಕೋಹಾಲ್ ಮಾಡುವ ದಾರಿಯಲ್ಲಿ ಹಿಂದಿನ ಮೆಟ್ಟಿಲು ಇದು. ಬಿಯರ್ ಇನ್ನೂ ಎಳೆಯದಾಗಿರುವಾಗಲೇ ತುಂಬಿದರೆ ಉಳಿದುಬಿಡುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಡೈಮೀಥೈಲ್ ಸಲ್ಫೈಡ್‌ನದು. ತಿಳಿ ಬಣ್ಣದ ಮಾಲ್ಟಿನಲ್ಲಿ ಅದರ ಮೂಲವಸ್ತು ಜಾಸ್ತಿ. ಕುದಿಯುವಾಗ ಅದು ಆವಿಯಾಗಿ ಹೋಗಬೇಕು, ಪಾತ್ರೆಗೆ ಮುಚ್ಚಳ ಹಾಕಿ ಕುದಿಸಿದರೆ ವಾಪಸ್ ತೊಟ್ಟಿಕ್ಕುತ್ತದೆ. ಔಷಧಿ ಹಚ್ಚಿದ ಪ್ಲಾಸ್ಟರ್ ಪಟ್ಟಿಯ ವಾಸನೆ ಬಂದರೆ ಮೊದಲು ನೀರಿನ ಕ್ಲೋರಿನ್ ಬಗ್ಗೆ ಕೇಳಿ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಸೇರಿದೆ.

ಲವಂಗ ಮತ್ತು ಬಾಳೆಹಣ್ಣಿನ ವಾಸನೆ ಮಾತ್ರ ಬೇರೆಯೇ ಜಾತಿ. ಜರ್ಮನಿಯ ಗೋಧಿ ಬಿಯರಿನಲ್ಲಿ ಇವೆರಡೂ ಇರಲೇಬೇಕು, ಅದಕ್ಕೆಂದೇ ಆ ಯೀಸ್ಟ್ ತಳಿಯನ್ನು ಆರಿಸುತ್ತಾರೆ. ಅದೇ ಲವಂಗ, ಬೆಚ್ಚಗೆ ಹುದುಗಿಸುವ ಏಲ್ ಜಾತಿಯ ಪೇಲ್ ಏಲ್‌ನಲ್ಲಿ ಬಂದರೆ ಎಲ್ಲಿಂದಲೋ ಕಾಡು ಯೀಸ್ಟ್ ಹೊಕ್ಕಿರಬಹುದು. ಆದ್ದರಿಂದ ರುಚಿ ನೋಡುವವರಿಗೆ ಮಾಡಿದವರ ಗುರಿ ಏನಿತ್ತು ಎಂದು ಯಾವುದೋ ಒಂದು ಹಂತದಲ್ಲಿ ತಿಳಿಯಲೇಬೇಕು. ಯಾವ ಹಂತದಲ್ಲಿ ಎಂಬುದರ ಬಗ್ಗೆ ಜನ ಜಗಳವಾಡುತ್ತಾರೆ. ನನ್ನ ಅಭಿಪ್ರಾಯ ಇದು: ಮೊದಲ ಗುಟುಕು ಏನೂ ಹೇಳದೆ ಕೊಡಿ. ಅವರು ಬರೆದುಕೊಂಡ ಮೇಲೆ ಯಾವ ಬಗೆಯ ಬಿಯರ್ ಎಂದು ಹೇಳಿ. ಏನೇನು ಹಾಕಿದಿರಿ, ಹೇಗೆ ಮಾಡಿದಿರಿ ಎಂಬುದು ಕೊನೆಗೆ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಬೇಡವೇ ಬೇಡ. ಗೋಧಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಕಡಲೆಕಾಯಿ, ಬಾದಾಮಿ, ಹಣ್ಣು, ಯಾವುದೇ ಮಸಾಲೆ ಹಾಕಿದ್ದರೆ ಗ್ಲಾಸ್ ಕೈಗೆ ಕೊಡುವ ಮೊದಲೇ ಹೇಳಬೇಕು. ಇನ್ನೊಬ್ಬರ ಅಲರ್ಜಿ ನಮಗೆ ಗೊತ್ತಿರುವುದಿಲ್ಲ. ಕೆಲವರಿಗೆ ಒಗ್ಗದ ಗ್ಲುಟೆನ್ ಎಂಬ ಪ್ರೋಟೀನ್ ಬಾರ್ಲಿಯಲ್ಲೂ ಇದೆ ಎಂಬುದು ಎಷ್ಟೋ ಜನರಿಗೆ ನೆನಪಿರುವುದಿಲ್ಲ.

ಮನೆ ಬಿಯರ್ ಕುಡಿಯುವುದು ಸುರಕ್ಷಿತವೇ?

ಹೊಸಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಮೆಥನಾಲ್ ಎಂಬ ವಿಷದ ಆಲ್ಕೋಹಾಲಿನ ಭಯವೇ ದೊಡ್ಡದು. ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ. ಮಾಲ್ಟಿನಿಂದ ಮಾಡಿದ ಬಿಯರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಜನ ಸತ್ತ ಸುದ್ದಿಗಳು ಬರುವುದು ಭಟ್ಟಿ ಇಳಿಸಿದ ಸಾರಾಯಿಯಿಂದ, ಅದರಲ್ಲೂ ಕೈಗಾರಿಕೆಯ ಮೆಥನಾಲ್ ಬೆರೆಸಿದಾಗ. ಬಿಯರಿನಲ್ಲಿ ಭಟ್ಟಿ ಇಳಿಸುವ ಕೆಲಸವೇ ಇಲ್ಲ. ರೋಗಾಣುಗಳ ವಿಷಯಕ್ಕೆ ಬಂದರೆ, ವರ್ಟ್ ಒಂದು ಗಂಟೆ ಕುದ್ದಿರುತ್ತದೆ. ಆಮೇಲೆ ಆಲ್ಕೋಹಾಲ್ ಇದೆ, ಹಾಪ್ಸ್ ಇದೆ, ಹುಳಿಯ ಅಳತೆಯಾದ ಪಿಎಚ್ 4ರಿಂದ 4.5ರ ಆಸುಪಾಸಿಗೆ ಇಳಿದಿರುತ್ತದೆ. ಕಾಯಿಲೆ ತರುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕುವುದು ಬಹಳ ಕಷ್ಟ. ಹಾಳಾದ ಬಿಯರ್ ಕೆಟ್ಟ ರುಚಿ ಕೊಡುತ್ತದೆ, ಸಾಮಾನ್ಯವಾಗಿ ಅದಕ್ಕಿಂತ ದೊಡ್ಡ ತೊಂದರೆ ಕೊಡುವುದಿಲ್ಲ. ಆಲ್ಕೋಹಾಲ್ ಇಲ್ಲದ ಬಿಯರನ್ನು ಮನೆಯಲ್ಲಿ ಮಾಡಿ ಹಂಚುವುದು ಮಾತ್ರ ಬೇರೆ ವಿಷಯ. ಅಲ್ಲಿ ಈ ಕಾವಲುಗಳಲ್ಲಿ ಕೆಲವು ಇಲ್ಲವೇ ಇಲ್ಲ, ಪಿಎಚ್ ಅಳೆಯದೆ, ಪಾಶ್ಚರೀಕರಣ ಮಾಡದೆ ಯಾರಿಗೂ ಕೊಡಬಾರದು.

ನಿಜವಾದ ಅಪಾಯ ಇರುವುದು ಬಾಟಲಿಯಲ್ಲಿ. ಬಾಟಲಿಯೊಳಗೇ ಗ್ಯಾಸ್ ಬರಲು ತುಂಬುವಾಗ ಚೂರು ಸಕ್ಕರೆ ಹಾಕುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಎಷ್ಟು ಲೀಟರ್ ಗ್ಯಾಸ್ ಕರಗಿದೆ ಎಂದು ಲೆಕ್ಕ ಹಾಕುತ್ತಾರೆ, ಅದನ್ನೇ ವಾಲ್ಯೂಮ್ ಎನ್ನುತ್ತಾರೆ. ಮಾಮೂಲಿ ಏಲ್‌ಗೆ 2.4 ವಾಲ್ಯೂಮ್ ಸಾಕು. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ ಸುಮಾರು 0.85 ಇರುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಹೆಚ್ಚೂ ಕಡಿಮೆ ಒಂದು ವಾಲ್ಯೂಮ್ ಕೊಡುತ್ತದೆ. ಅಂದರೆ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಹುದುಗುವಿಕೆ ಪೂರ್ತಿ ಮುಗಿದಿರಬೇಕು. ಬಿಯರಿನ ಸಾಂದ್ರತೆಗೆ ಗ್ರ್ಯಾವಿಟಿ ಎನ್ನುತ್ತಾರೆ, ಹೈಡ್ರೋಮೀಟರಿನಲ್ಲಿ ಅದನ್ನು ಅಳೆಯುತ್ತಾರೆ, ಸಕ್ಕರೆ ಕಡಿಮೆಯಾದಂತೆ ಅದು ಇಳಿಯುತ್ತದೆ. ಗ್ರ್ಯಾವಿಟಿ 1.014ರಲ್ಲಿ ಇರುವಾಗ ತುಂಬಿದಿರಿ, ಅದು ಬಾಟಲಿಯೊಳಗೆ 1.010ಕ್ಕೆ ಇಳಿಯಿತು ಅಂದುಕೊಳ್ಳಿ. ಒಂದೊಂದು ಪಾಯಿಂಟಿಗೆ, ಅಂದರೆ 0.001 ಇಳಿದರೆ, ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್. ನಾಲ್ಕು ಪಾಯಿಂಟಿಗೆ ಎರಡು. ಒಟ್ಟು 4.4. ಮಾಮೂಲಿ ಬಿಯರ್ ಬಾಟಲಿ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಗಾಜು ಸಿಡಿಯುತ್ತದೆ, ಅದೂ ಇನ್ನೊಬ್ಬರ ಮನೆಯಲ್ಲಿ, ಯಾರದೋ ಕೈಯಲ್ಲಿ.

ಹಾಗಾಗಿ ಗ್ರ್ಯಾವಿಟಿ ಮೂರು ದಿನ ಒಂದೇ ಕಡೆ ನಿಂತಿದೆ ಎಂದು ಅಳೆದು ನೋಡದೆ ಬಾಟಲಿ ಯಾರಿಗೂ ಕೊಡಬೇಡಿ. ಸೇಸಾನ್ ಬಿಯರಿಗೆ ಬಳಸುವ ಕೆಲವು ಯೀಸ್ಟ್ ತಳಿಗಳು ಬೇರೆ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ನಿಧಾನವಾಗಿ ತಿನ್ನುತ್ತಲೇ ಇರುತ್ತವೆ. ಅವಕ್ಕೆ ವಾರಗಳ ಲೆಕ್ಕದಲ್ಲಿ ಸಮಯ ಕೊಡಬೇಕು, ದಪ್ಪ ಗಾಜಿನ ಬಾಟಲಿಯೇ ಬೇಕು. ಯಾರೋ ಕೊಟ್ಟ ಬಾಟಲಿ ತೆರೆದಾಗ ಬುಸ್ ಎಂದು ಉಕ್ಕಿದರೆ ಉಳಿದವನ್ನು ತಕ್ಷಣ ಫ್ರಿಜ್ಜಿಗೆ ಸೇರಿಸಿ, ಕೊಟ್ಟವರಿಗೆ ಅವತ್ತೇ ತಿಳಿಸಿ. ಸಂಕೋಚ ಬೇಡ. ಅವರ ಮನೆಯಲ್ಲಿ ಅದೇ ಬ್ಯಾಚಿನ ಇಪ್ಪತ್ತು ಮೂವತ್ತು ಬಾಟಲಿ ಇರುತ್ತವೆ.

ಇನ್ನು ಬೆಳಕು. ಹಾಪ್ಸ್‌ನ ಕಹಿ ಪದಾರ್ಥದ ಮೇಲೆ ಬಿಸಿಲು ಬಿದ್ದರೆ, ಬಿಯರಿನಲ್ಲೇ ಇರುವ ರೈಬೋಫ್ಲೇವಿನ್ ಸಹಾಯದಿಂದ, ಗಂಧಕ ಸೇರಿದ ಒಂದು ಹೊಸ ಪದಾರ್ಥ ಹುಟ್ಟುತ್ತದೆ. ಸ್ಕಂಕ್ ಎಂಬ ಪ್ರಾಣಿ ಹೆದರಿದಾಗ ಚಿಮ್ಮಿಸುವ ದುರ್ವಾಸನೆಗೆ ಹತ್ತಿರದ್ದು ಅದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಬಡಿಯುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ. ಹಸಿರು ಗಾಜು ತಡೆಯುವುದು ಕಡಿಮೆ, ಬಿಳಿ ಗಾಜು ಏನೇನೂ ಇಲ್ಲ. ಬಾಟಲಿಯ ಬಗ್ಗೆ ಇದು ಎಲ್ಲರಿಗೂ ಗೊತ್ತು. ಗ್ಲಾಸಿನ ಬಗ್ಗೆ ಮರೆಯುತ್ತಾರೆ. ಬಯಲಿನಲ್ಲಿ ಕೂತು, ಬಿಸಿಲಿಗೆ ಗ್ಲಾಸ್ ಇಟ್ಟುಕೊಂಡು ಹರಟುತ್ತಿದ್ದರೆ ಕೆಲವೇ ನಿಮಿಷದಲ್ಲಿ ಬಿಯರ್ ಕೆಡುತ್ತದೆ. ಆಮೇಲೆ ಬೈಗುಳ ಮಾಡಿದವರಿಗೆ ಬೀಳುತ್ತದೆ. ರುಚಿ ನೋಡುವ ಕೂಟ ನೆರಳಿನಲ್ಲೇ ಇರಲಿ.

ಗ್ಲಾಸ್ ಕೈಗೆ ಬಂದ ಮೇಲೆ

60ರಿಂದ 90 ಮಿಲಿಲೀಟರ್ ಸಾಕು, ಗ್ಲಾಸ್ ತುಂಬ ಬೇಡ. ಬಾಟಲಿಯಲ್ಲೇ ಗ್ಯಾಸ್ ಬಂದ ಬಿಯರಿನ ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಒಂದೇ ಸಲಕ್ಕೆ, ಬಾಟಲಿ ಮತ್ತೆ ನೆಟ್ಟಗೆ ಮಾಡದೆ, ಎಲ್ಲ ಗ್ಲಾಸಿಗೂ ಸುರಿಯಬೇಕು. ಇಲ್ಲವಾದರೆ ಕೊನೆಯವರಿಗೆ ಬರೀ ಗಷ್ಟು. ತೀರಾ ತಣ್ಣಗೆ ಬೇಡ. 4 ಡಿಗ್ರಿಯಲ್ಲಿ ವಾಸನೆ ಮೇಲೇಳುವುದೇ ಇಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಲಾಗರನ್ನು 7 ಡಿಗ್ರಿ ಹತ್ತಿರ, ಏಲ್ ಮತ್ತು ಕಪ್ಪು ಬಣ್ಣದ ಸ್ಟೌಟನ್ನು 10ರಿಂದ 12 ಡಿಗ್ರಿ ಹತ್ತಿರ ಕೊಟ್ಟರೆ ಒಳಗಿರುವುದೆಲ್ಲ ಹೊರಗೆ ಬರುತ್ತದೆ.

ಸುರಿದ ಕೂಡಲೇ ಮೂಸಿ, ನೋಡುವುದು ಆಮೇಲೆ. ಗಂಧಕದಂಥ ಹಗುರ ವಾಸನೆಗಳು ಒಂದು ನಿಮಿಷದಲ್ಲಿ ಹಾರಿಹೋಗುತ್ತವೆ. ಬಣ್ಣ ಎಲ್ಲೂ ಹೋಗುವುದಿಲ್ಲ. ಆಮೇಲೆ ಒಂದು ಗುಟುಕು, ಬಾಯಿಯಲ್ಲಿ ಆಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ವೈನ್ ಪರೀಕ್ಷೆಯಲ್ಲಿ ಉಗುಳುವುದುಂಟು. ಬಿಯರ್ ಪರೀಕ್ಷಿಸುವವರು ಸಾಮಾನ್ಯವಾಗಿ ನುಂಗುತ್ತಾರೆ, ಯಾಕೆಂದರೆ ಕಹಿ ಎಷ್ಟು ಹೊತ್ತು ಉಳಿಯುತ್ತದೆ, ಗಂಟಲಿನಲ್ಲಿ ಹೇಗಿರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗಾದ ಮೇಲೆ ಮತ್ತೆ ಮೂಸಿ. ಮೊದಲು ಅಡಗಿದ್ದ ದೋಷ ಆಗ ಕಾಣಿಸಬಹುದು.

ಹಗುರ ಬಿಯರ್ ಮೊದಲು, ಹುಳಿ, ಹೊಗೆ, ವಿಪರೀತ ಕಹಿ ಇರುವವು ಕೊನೆಗೆ. ನಡುವೆ ನೀರು ಮತ್ತು ಉಪ್ಪು ಖಾರ ಇಲ್ಲದ ಬ್ರೆಡ್ ಸಾಕು. ಎಂಟು ಹತ್ತು ಬಿಯರ್ ಆದ ಮೇಲೆ ಮೂಗು ದಣಿಯುತ್ತದೆ, ಅಲ್ಲಿಂದ ಮುಂದೆ ಯಾರ ಅಭಿಪ್ರಾಯವನ್ನೂ ನಂಬಬೇಡಿ. ಆಲ್ಕೋಹಾಲ್ ಲೆಕ್ಕವೂ ಇದೆ. 60 ಮಿಲಿಲೀಟರಿನ ಹತ್ತು ಸುತ್ತು ಎಂದರೆ 600 ಮಿಲಿಲೀಟರ್. ಬಿಯರುಗಳು ಸರಾಸರಿ ಶೇಕಡಾ 6 ಇದ್ದರೆ 28 ಗ್ರಾಂ ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋಗಿರುತ್ತದೆ. ಚೂರು ಚೂರೇ ಕುಡಿದೆ ಅನ್ನಿಸುತ್ತದೆ, ಆದರೆ ಗಾಡಿ ಓಡಿಸುವ ಸ್ಥಿತಿ ಅದಲ್ಲ.

ಅಂಕ ಕೊಡುವ ಪದ್ಧತಿಯೂ ಇದೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ ಎಂಬ ಸಂಸ್ಥೆ ಮನೆ ಬಿಯರ್ ಸ್ಪರ್ಧೆಗಳಿಗೆ ತೀರ್ಪುಗಾರರನ್ನು ತಯಾರು ಮಾಡುತ್ತದೆ. ಅವರ ಹಾಳೆಯಲ್ಲಿ ಒಟ್ಟು 50 ಅಂಕ. ವಾಸನೆಗೆ 12, ರುಚಿಗೆ 20, ಬಾಯಲ್ಲಿ ಹೇಗಿರುತ್ತದೆ ಎಂಬುದಕ್ಕೆ 5, ಒಟ್ಟು ಅನಿಸಿಕೆಗೆ 10. ನೋಟಕ್ಕೆ ಬರೀ 3. ತಿಳಿಯಾಗಿ ಹೊಳೆಯಲಿ ಎಂದು ವಾರಗಟ್ಟಲೆ ಒದ್ದಾಡುವವರು ಈ 3ನ್ನು ಒಮ್ಮೆ ನೋಡಬೇಕು ಎಂಬುದು ನನ್ನ ಆಸೆ. ಗೆಳೆಯರ ನಡುವೆ ಅಂಕ ಬೇಕೆಂದೇನೂ ಇಲ್ಲ. ಆದರೆ ಆ ಹಾಳೆಯ ಕ್ರಮ ಒಳ್ಳೆಯದು. ಒಂದೊಂದನ್ನೂ ಬೇರೆ ಬೇರೆಯಾಗಿ ಗಮನಿಸುವಂತೆ ಅದು ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ: ಮೊದಲು ಬರೆಯಿರಿ, ಆಮೇಲೆ ಮಾತಾಡಿ. ಒಬ್ಬರು "ಜೋಳದ ವಾಸನೆ" ಎಂದುಬಿಟ್ಟರೆ ಸುತ್ತ ಕೂತವರಿಗೆಲ್ಲ ಜೋಳವೇ ಬರುತ್ತದೆ. ಅದು ಸುಳ್ಳಲ್ಲ, ಮೂಗು ಇರುವುದೇ ಹಾಗೆ, ಹೆಸರು ಕೇಳಿದ್ದನ್ನು ಹುಡುಕಿಕೊಂಡು ಹೋಗುತ್ತದೆ. ಐದು ಜನ ಮಾತಿಲ್ಲದೆ ಬರೆದ ಚೀಟಿಯಲ್ಲಿ ಮೂವರು ಜೋಳ ಎಂದಿದ್ದರೆ ಅದಕ್ಕೆ ಬೆಲೆ ಇದೆ. ಬಿಯರ್ ಮಾಡಿದವರೂ ಆ ಹೊತ್ತು ಸುಮ್ನೆ ಇರಬೇಕು. ಮುಖ ಕೂಡ ನೋಡುವವರಿಗೆ ಸುಳಿವು ಕೊಡುತ್ತದೆ.

ಬರೆಯುವುದೇನು? "ಚೆನ್ನಾಗಿದೆ" ಎಂಬುದರಿಂದ ಮಾಡಿದವರಿಗೆ ಏನೂ ಸಿಗುವುದಿಲ್ಲ. "ಸೋಂಕಾಗಿದೆ" ಎಂಬುದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಊಹೆ. ಮೂಗಿಗೆ ಬಾಯಿಗೆ ಬಂದದ್ದನ್ನು ಮಾತ್ರ ಮೊದಲು ಹೇಳಬೇಕು: ಮೊದಲು ಬ್ರೆಡ್ಡಿನ ವಾಸನೆ, ಆಮೇಲೆ ಹಸಿರು ಸೇಬು, ನುಂಗಿದ ಮೇಲೆ ನಾಲಿಗೆ ಒಣಗುತ್ತದೆ. ಕಾರಣ ಏನಿರಬಹುದು ಎಂಬುದು ಮಾಡಿದವರ ಜೊತೆ ಕೂತು ಮಾತಾಡಿದ ಮೇಲೆ. ಇದಕ್ಕೆ ಪದಗಳು ಬೇಕು ಎಂದೇ ಮಾರ್ಟನ್ ಮೆಯಿಲ್‌ಗಾರ್ಡ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1970ರ ದಶಕದ ಕೊನೆಯಲ್ಲಿ ಬಿಯರಿನ ರುಚಿ ವಾಸನೆಗಳ ಒಂದು ಚಕ್ರ ಮಾಡಿದರು. ಯಾರು ಎಲ್ಲಿ ಹೇಳಿದರೂ ಒಂದು ಪದಕ್ಕೆ ಒಂದೇ ಅರ್ಥ ಇರಲಿ ಎಂಬುದು ಅವರ ಗುರಿ. ಆ ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮೂಗಿಗೆ ಕಲಿಸುವುದು ಒಳ್ಳೆಯದು. ಕಹಿ ಇರುವ ಒಂದೇ ಬಿಯರನ್ನು ಎರಡು ಗ್ಲಾಸಿಗೆ ಹಾಕಿ, ಒಂದನ್ನು ಅರ್ಧ ಗಂಟೆ ಬಿಸಿಲಿಗೆ, ಇನ್ನೊಂದನ್ನು ಕತ್ತಲಿಗೆ ಇಡಿ. ಒಮ್ಮೆ ಮೂಸಿದರೆ ಆ ವಾಸನೆ ಯಾರೂ ಮರೆಯುವುದಿಲ್ಲ.

ನಿಜಕ್ಕೂ ಬೇರೆಯೇ, ಅಥವಾ ಹಾಗೆ ಅನ್ನಿಸುತ್ತಿದೆಯೇ?

ಒಂದೇ ವರ್ಟನ್ನು ಎರಡು ಭಾಗ ಮಾಡಿ ಎರಡು ಬೇರೆ ಯೀಸ್ಟ್ ಹಾಕಿದ್ದೀರಿ. ವ್ಯತ್ಯಾಸ ಇದೆ ಎಂದು ನಿಮಗೆ ಖಾತ್ರಿ. ಇಂಥಲ್ಲಿ ಮೂರು ಗ್ಲಾಸಿನ ಪರೀಕ್ಷೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಗ್ಲಾಸಿನಲ್ಲಿ ಒಂದು ಬಿಯರ್, ಮೂರನೆಯದರಲ್ಲಿ ಇನ್ನೊಂದು. ಗ್ಲಾಸುಗಳು ಒಂದೇ ಥರ, ಬಣ್ಣ ತಿಳಿಯದಂತೆ ಬಣ್ಣದ ಲೋಟವಾದರೆ ಇನ್ನೂ ಒಳ್ಳೆಯದು. ಯಾವುದು ಬೇರೆ ಎಂದು ಕೇಳಬೇಕು, ಅಷ್ಟೇ. ಯಾವುದು ಚೆನ್ನಾಗಿದೆ ಎಂದು ಕೇಳಬಾರದು. ಈ ಪರೀಕ್ಷೆ ಬಳಕೆಗೆ ಬಂದದ್ದು 1940ರ ದಶಕದಲ್ಲಿ, ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲೇ.

ಕಣ್ಣು ಮುಚ್ಚಿ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಆದ್ದರಿಂದ 12 ಜನರಲ್ಲಿ 4 ಜನ ಸರಿ ಹೇಳಿದರೆ ಅದು ಏನೂ ಅಲ್ಲ. 6 ಜನ ಹೇಳಿದರೂ ಅದೃಷ್ಟ ಇರಬಹುದು. 8 ಜನ ಹೇಳಿದರೆ ಆಗ ವ್ಯತ್ಯಾಸ ಇದೆ ಎನ್ನಬಹುದು, ಬರೀ ಊಹೆಯಿಂದ ಅಷ್ಟು ಜನ ಸರಿ ಹೇಳುವ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. 24 ಜನ ಇದ್ದರೆ 13 ಬೇಕು. ನಾಲ್ಕೇ ಜನ ಇರುವ ಕೂಟದಲ್ಲಿ ನಾಲ್ವರೂ ಸರಿ ಹೇಳಬೇಕಾಗುತ್ತದೆ. ಹೀಗೆ ಪರೀಕ್ಷಿಸಿದಾಗ ನಾವು ಬಹಳ ಮುಖ್ಯ ಎಂದುಕೊಂಡಿದ್ದ ಎಷ್ಟೋ ಸೂಕ್ಷ್ಮಗಳು ಯಾರಿಗೂ ತಿಳಿಯದೇ ಹೋಗುತ್ತವೆ. ನನಗೆ ಅದು ಬೇಸರದ ಸಂಗತಿ ಅನ್ನಿಸುವುದಿಲ್ಲ. ತಿಳಿಯದ ಕೆಲಸಕ್ಕೆ ಹಾಕುತ್ತಿದ್ದ ಸಮಯವನ್ನು ತಿಳಿಯುವ ಕೆಲಸಕ್ಕೆ ಹಾಕಬಹುದು.

ಕಾನೂನಿನ ಬಗ್ಗೆ ಒಂದು ಮಾತು

ಮನೆಯಲ್ಲಿ ಬಿಯರ್ ಮಾಡಬಹುದೇ, ಮಾಡಿದ್ದನ್ನು ಹೊರಗೆ ಒಯ್ಯಬಹುದೇ, ಇವೆರಡು ಬೇರೆ ಬೇರೆ ಪ್ರಶ್ನೆ. ಬ್ರಿಟನ್ನಿನಲ್ಲಿ 1963ರವರೆಗೂ ಮನೆ ಬಿಯರಿಗೆ ಲೈಸೆನ್ಸ್ ಬೇಕಿತ್ತು. ಅಮೆರಿಕದಲ್ಲಿ 1978ರ ಕಾಯ್ದೆ ಬಂದ ಮೇಲೆ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ತೆರಿಗೆ ಇಲ್ಲದೆ ಮಾಡಲು ಬಿಟ್ಟರು. ಮಾರುವಂತಿಲ್ಲ. ಆದರೂ ಅಲ್ಲಿನ ಓರೆಗಾನ್ ರಾಜ್ಯದಲ್ಲಿ 2010ರಲ್ಲಿ ರಾಜ್ಯದ ಮೇಳದ ಮನೆ ಬಿಯರ್ ಸ್ಪರ್ಧೆಯೇ ನಿಂತುಹೋಯಿತು. ರಾಜ್ಯದ ಕಾನೂನನ್ನು ಅಕ್ಷರಕ್ಕೆ ಅಕ್ಷರ ಓದಿದರೆ ಬಿಯರ್ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. ಮರುವರ್ಷ ಕಾನೂನನ್ನೇ ತಿದ್ದಿದರು. ಎಷ್ಟೋ ಕಡೆ ಇವತ್ತಿಗೂ ಲೈಸೆನ್ಸ್ ಇಲ್ಲದೆ ಮಾಡುವುದೇ ಅಪರಾಧ. ನೀವಿರುವ ಕಡೆಯ ನಿಯಮವನ್ನು ಮೊದಲು ಓದಿ, ಆಮೇಲೆ ಪಾತ್ರೆ ಒಲೆಗೆ ಏರಿಸಿ.

ಎರಡು ಬಾಟಲಿ ಕೊಡಿ

ಬಾಟಲಿ ಬದಲಾಯಿಸಿಕೊಳ್ಳುವಾಗ ಒಂದರ ಬದಲು ಎರಡು ಕೊಡುವುದು ನನಗೆ ಬಹಳ ಇಷ್ಟವಾದ ಪದ್ಧತಿ. ಮುಚ್ಚಳದ ಮೇಲೆ ತುಂಬಿದ ತಾರೀಖು ಬರೆದಿರಲಿ. ಒಂದನ್ನು ಈಗಲೇ ತೆಗೆಯಲಿ, ಇನ್ನೊಂದನ್ನು ಎರಡು ತಿಂಗಳು ಫ್ರಿಜ್ಜಿನ ಹೊರಗೆ, ಕತ್ತಲಲ್ಲಿ ಇಡಲಿ. ನೀವೂ ಅದೇ ಬ್ಯಾಚಿನ ಒಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ ಎರಡನ್ನೂ ಒಂದೇ ದಿನ ತೆಗೆದು ಪಕ್ಕಪಕ್ಕ ಇಡಿ. ಹೊರಗಿಟ್ಟದ್ದರಲ್ಲಿ ಒದ್ದೆ ರಟ್ಟಿನ ವಾಸನೆ ಬಂದು, ಹಾಪ್ಸ್ ವಾಸನೆ ಸತ್ತು, ಬಣ್ಣ ಕಂದಾಗಿದ್ದರೆ ಬಿಸಿ ತನ್ನ ಕೆಲಸ ಮಾಡಿದೆ, ಕೊಡುವಾಗ ತಣ್ಣಗಿಡಿ ಎಂದು ಹೇಳಬೇಕು. ಫ್ರಿಜ್ಜಿನದೂ ಹಾಗೇ ಆಗಿದ್ದರೆ ತುಂಬುವಾಗಲೇ ಆಮ್ಲಜನಕ ಸೇರಿದೆ. ಮುಂದಿನ ಸಲ ಬಾಟಲಿಯನ್ನು ಮೊದಲು ಕಾರ್ಬನ್ ಡೈಆಕ್ಸೈಡ್‌ನಿಂದ ತುಂಬಿ, ಪೈಪನ್ನು ತಳದವರೆಗೆ ಇಳಿಸಿ, ನೊರೆ ಬಾಯಿವರೆಗೆ ಬಂದಾಗ ಆ ನೊರೆಯ ಮೇಲೇ ಮುಚ್ಚಳ ಒತ್ತಿ. ಮತ್ತೆ ಎರಡು ಬಾಟಲಿ ಅದೇ ಗೆಳೆಯರಿಗೆ ಕೊಡಿ.